ಅಟ್ಟದಿಂದ ಇಳಿದ ಸ್ಪೀಕರುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಹೈ-ಫೈ ಸ್ಪೀಕರುಗಳ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿ ಮತ್ತೆ ಮತ್ತೆ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಬರುತ್ತದೆ. ಅಗ್ಗದ ಸಾದಾ ಮೀಟರ್ ಸಾಕು, ಆದರೆ ಅದಿಲ್ಲದೆ ಹಳೇ ಪೆಟ್ಟಿಗೆಯನ್ನು ಆಂಪ್ಲಿಫೈಯರಿಗೆ ಸಿಕ್ಕಿಸಬೇಡಿ. ಶಾರ್ಟ್ ಆದ ಸ್ಪೀಕರ್ ಆಂಪ್ಲಿಫೈಯರನ್ನು ಹಾಳು ಮಾಡುತ್ತದೆ. ಕೆಟ್ಟ ಆಂಪ್ಲಿಫೈಯರ್ ಒಳ್ಳೆಯ ಸ್ಪೀಕರನ್ನು ಸುಡುತ್ತದೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ಕುವೈತಿನಿಂದ ತಂದಿದ್ದ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಅಟ್ಟದಲ್ಲಿದ್ದವು. ಮುಂದೆ ಹೆಸರಿಲ್ಲ. ಹಿಂದಿನ ಚೀಟಿ ಹರಿದು 'ಸಿಎಸ್' ಅನ್ನೋ ಅಕ್ಷರ ಮಾತ್ರ ಉಳಿದಿದೆ. ಯಾವ ಕಂಪನಿಯದು ಅಂತ ಹೇಗೆ ತಿಳಿಯೋದು? ಹಾಗೇ ಹಾಕಿ ಕೇಳಬಹುದಾ?
— ಓದುಗರು, ಕುಂದಾಪುರ

ಉತ್ತರ: ಆ ಎರಡಕ್ಷರವೇ ಒಳ್ಳೆಯ ಸುಳಿವು. ಜಪಾನಿನ ಕಂಪನಿಗಳು ಸ್ಪೀಕರ್ ಮಾಡೆಲ್‌ಗಳಿಗೆ ತಮ್ಮದೇ ಅಕ್ಷರಗಳನ್ನು ಇಟ್ಟುಕೊಂಡಿದ್ದವು: ಪಯೋನಿಯರ್‌ಗೆ ಸಿಎಸ್, ಯಮಾಹಾಗೆ ಎನ್‌ಎಸ್, ಸ್ಯಾನ್ಸುಯಿಗೆ ಎಸ್‌ಪಿ, ಟೆಕ್ನಿಕ್ಸ್‌ಗೆ ಎಸ್‌ಬಿ, ಸೋನಿಗೆ ಎಸ್‌ಎಸ್, ಕೆನ್‌ವುಡ್‌ಗೆ ಎಲ್‌ಎಸ್. ನಿಮ್ಮದು ಪಯೋನಿಯರ್ ಇರುವ ಸಂಭವವೇ ಹೆಚ್ಚು. ಮುಂಭಾಗದಲ್ಲಿ ಬಟ್ಟೆಯ ಬದಲು ಮರದ ಜಾಲರಿ ಇದ್ದರೆ ಅದು ಸ್ಯಾನ್ಸುಯಿ ಎಂದು ಮಾರುವವರು ಹೇಳುವುದುಂಟು. ಜಾಲರಿಯೊಂದನ್ನೇ ನಂಬಬೇಡಿ, ಪಯೋನಿಯರ್ ಕೂಡ ಅಂಥದ್ದನ್ನು ಮಾಡಿದೆ.

ಖಚಿತವಾಗಿ ತಿಳಿಯಬೇಕಾದರೆ ವೂಫರ್ (ತಗ್ಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರ್) ಬಿಚ್ಚಬೇಕು. ಪೆಟ್ಟಿಗೆಯನ್ನು ಜಮಖಾನದ ಮೇಲೆ ಬೆನ್ನಡಿಯಾಗಿ ಮಲಗಿಸಿ. ಗ್ರಿಲ್ ಸಾಮಾನ್ಯವಾಗಿ ಗೂಟಗಳ ಮೇಲೋ ವೆಲ್ಕ್ರೋ ಮೇಲೋ ಕೂತಿರುತ್ತದೆ. ಒಂದೊಂದೇ ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಸ್ಕ್ರೂ ಬಿಚ್ಚುವಾಗ ಕೋನ್ (ಅದುರಿ ದನಿ ಹೊರಡಿಸುವ ಬಟ್ಟಲಿನಂಥ ಭಾಗ) ಮೇಲೆ ಒಂದು ದಪ್ಪ ರಟ್ಟು ಮುಚ್ಚಿಡಿ. ವೂಫರಿನ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಇದ್ದಕ್ಕಿದ್ದಂತೆ ಎಳೆದುಕೊಳ್ಳುತ್ತದೆ. ನಲವತ್ತು ವರ್ಷ ಉಳಿದ ಕೋನ್ ತೂತಾಗುವುದು ಹೆಚ್ಚಾಗಿ ಈ ಒಂದು ಕ್ಷಣದಲ್ಲೇ. ಸ್ಕ್ರೂ ತೆಗೆದ ಮೇಲೂ ವೂಫರ್ ಅಲ್ಲಾಡದಿದ್ದರೆ ಗ್ಯಾಸ್ಕೆಟ್ ಅಂಟಿಕೊಂಡಿದೆ ಎಂದರ್ಥ. ಲೋಹದ ಚೌಕಟ್ಟಿನ ಅಂಚಿಗೆ ತೆಳು ಬ್ಲೇಡು ತೂರಿಸಿ ಸುತ್ತಲೂ ಬಿಡಿಸಿ. ಕೋನ್ ಕಡೆಯಿಂದ ಎಬ್ಬಲೇಬೇಡಿ. ತಂತಿ ಬಿಡಿಸುವ ಮೊದಲು ಯಾವ ಬಣ್ಣ ಯಾವ ಕಡ್ಡಿಗೆ ಎಂದು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಈಗ ಮ್ಯಾಗ್ನೆಟ್ಟಿನ ಬೆನ್ನು ನೋಡಿ. ಅಲ್ಲಿ ಅಂಟಿಸಿದ ಚೀಟಿಯೋ ಒತ್ತಿದ ಶಾಯಿ ಮುದ್ರೆಯೋ ಇರುತ್ತದೆ. ಫಿಲಿಪ್ಸ್ ಆದರೆ ಓದುವುದು ಸುಲಭ. 'ಎಡಿ 8061/ಡಬ್ಲ್ಯೂ8' ಎಂದಿದ್ದರೆ 8 ಇಂಚಿನ ವೂಫರ್, 8 ಓಮ್ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). 'ಎಡಿ 0160/ಟಿ8' ಎಂದರೆ 8 ಓಮಿನ ಡೋಮ್ ಟ್ವೀಟರ್ (ಮೇಲಿನ ಸ್ವರ ನುಡಿಸುವ, ಗುಮ್ಮಟದಂಥ ಚಿಕ್ಕ ಸ್ಪೀಕರ್). ಓರೆಗೆರೆಯ ಆಚೆ 'ಎಸ್‌ಕ್ಯೂ' ಇದ್ದರೆ ನಡುಸ್ವರದ ಸ್ಪೀಕರ್, 'ಎಂ' ಇದ್ದರೆ ಒಂದೇ ಕೋನಿನಲ್ಲಿ ಎಲ್ಲ ಸ್ವರ ನುಡಿಸುವ ಫುಲ್‌ರೇಂಜ್. ಅಮೆರಿಕದ ಸ್ಪೀಕರಾದರೆ ಆರೇಳು ಅಂಕಿಯ ಸಂಖ್ಯೆ ಸಿಗುತ್ತದೆ. ಮೊದಲ ಮೂರು ಅಂಕಿ ತಯಾರಕರದು (220 ಜೆನ್ಸನ್, 137 ಸಿಟಿಎಸ್, 391 ಆಲ್ಟೆಕ್ ಲ್ಯಾನ್ಸಿಂಗ್), ಕೊನೆಯ ಎರಡು ವಾರ, ನಡುವಿನದು ಇಸವಿ. 1377032 ಎಂದಿದ್ದರೆ ಸಿಟಿಎಸ್ 1970ರ 32ನೇ ವಾರದಲ್ಲಿ ಮಾಡಿದ್ದು. ಇಸವಿಗೆ ಒಂದೇ ಅಂಕಿ ಇದ್ದರೆ ದಶಕವನ್ನು ಬೇರೆ ಗುರುತುಗಳಿಂದ ಹುಡುಕಬೇಕಾಗುತ್ತದೆ.

ಮ್ಯಾಗ್ನೆಟ್ಟಿನ ಆಕಾರವೂ ಕಾಲ ಹೇಳುತ್ತದೆ. ಗಡಿಗೆಯಂತೆ ಮುಚ್ಚಿದ, ಚಿಕ್ಕದಾದರೂ ಭಾರವಾದ ಲೋಹದ ಬಟ್ಟಲಿದ್ದರೆ ಒಳಗೆ ಆಲ್ನಿಕೋ ಇರಬಹುದು. ಕಪ್ಪು ಚಪ್ಪಟೆ ಉಂಗುರ ಫೆರೈಟ್. ಇವೆರಡೂ ಮ್ಯಾಗ್ನೆಟ್ಟಿನ ಬಗೆಗಳು. ಆಲ್ನಿಕೋಗೆ ಕೋಬಾಲ್ಟ್ ಬೇಕು. 1978ರಲ್ಲಿ ಝೈರ್ (ಈಗಿನ ಡಿ.ಆರ್. ಕಾಂಗೋ) ದೇಶದ ಶಾಬಾ ಪ್ರಾಂತದಲ್ಲಿ ಕಾಳಗವಾಗಿ ಕೋಬಾಲ್ಟ್ ಬೆಲೆ ಏರಿದ ಮೇಲೆ ದೊಡ್ಡ ತಯಾರಕರು ಹೆಚ್ಚಿನವರು ಫೆರೈಟ್‌ಗೆ ಬದಲಾದರು. ಫೆರೈಟ್ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು, ಆದ್ದರಿಂದ ಉಂಗುರ ಕಂಡ ಮಾತ್ರಕ್ಕೆ ಸ್ಪೀಕರ್ 78ರ ಈಚಿನದು ಎನ್ನಲಾಗದು.

ಎರಡೂ ಪೆಟ್ಟಿಗೆ ಬಿಚ್ಚಿ ಹೋಲಿಸಿ. ಒಂದರಲ್ಲಿ ಬೇರೆ ವೂಫರ್ ಇದ್ದರೆ, ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೆ, ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಹಿಂದೆಯೇ ಕೈಯಾಡಿಸಿದ್ದಾರೆ. ಕೊಳ್ಳುವವರು ಬೆಲೆ ಕಟ್ಟುವುದಕ್ಕೆ ಮುಂಚೆ ನೋಡಬೇಕಾದದ್ದೂ ಇದನ್ನೇ. ಹೊರಗಿನ ಹೊಳಪಿನಲ್ಲಿ ಏನೂ ಇಲ್ಲ.

ನಂತರ ಅಳತೆ. ಮೀಟರನ್ನು 200 ಓಮ್‌ಗೆ ತಿರುಗಿಸಿ, ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಬಂದದ್ದನ್ನು (0.2, 0.3) ನೆನಪಿಟ್ಟು ಕಳೆಯಿರಿ. 8 ಓಮಿನ ವೂಫರ್ ಮೀಟರಿನಲ್ಲಿ 5.5ರಿಂದ 7 ತೋರಿಸುತ್ತದೆ, 4 ಓಮಿನದು 3ರಿಂದ 3.7. ಪೆಟ್ಟಿಗೆಯ ಮೇಲಿನ 8 ಎನ್ನುವುದು ಸಂಗೀತ ಹರಿಯುವಾಗಿನ ಲೆಕ್ಕ, ಮೀಟರ್ ತೋರಿಸುವುದು ಬರೀ ತಂತಿಯ ರೋಧ. ಏನೂ ತೋರಿಸದಿದ್ದರೆ ಕಾಯಿಲ್ (ಕೋನಿಗೆ ಅಂಟಿದ ತಂತಿ ಸುರುಳಿ) ಎಲ್ಲೋ ತುಂಡಾಗಿದೆ. 2ಕ್ಕಿಂತ ಕಡಿಮೆಯಾದರೆ ಸುಟ್ಟು ಶಾರ್ಟ್ ಆಗಿದೆ, ಅದನ್ನು ಯಾವ ಆಂಪ್ಲಿಫೈಯರಿಗೂ ಹಾಕಬೇಡಿ. ಪೆಟ್ಟಿಗೆಯ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೆ ಸಿಗುವುದು ಹೆಚ್ಚುಕಡಿಮೆ ವೂಫರಿನ ಲೆಕ್ಕ ಮಾತ್ರ. ಟ್ವೀಟರಿನ ದಾರಿಯಲ್ಲಿ ಕೆಪ್ಯಾಸಿಟರ್ ಅಡ್ಡ ಇರುವುದರಿಂದ ಮೀಟರಿನ ಡಿಸಿ (ಒಂದೇ ದಿಕ್ಕಿನ ಕರೆಂಟ್) ಅದನ್ನು ದಾಟುವುದಿಲ್ಲ. ಟ್ವೀಟರನ್ನು ಒಂದು ತಂತಿ ಬಿಡಿಸಿ ಬೇರೆಯಾಗಿಯೇ ಅಳೆಯಿರಿ.

ಇನ್ನು ಆಂಪ್ಲಿಫೈಯರ್. ಸ್ಪೀಕರ್ ಇಲ್ಲದೆ ಆನ್ ಮಾಡಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ಪೀಕರ್ ಟರ್ಮಿನಲ್ ಮೇಲೆ ಡಿಸಿ ಮಿಲಿವೋಲ್ಟ್ ನೋಡಿ. 50ರ ಒಳಗಿದ್ದರೆ ಸರಿ. 100 ದಾಟಿದರೆ ಮೊದಲು ಆಂಪ್ಲಿಫೈಯರ್ ರಿಪೇರಿ. (ಇದು ಟ್ರಾನ್ಸಿಸ್ಟರ್ ಸೆಟ್ಟಿಗೆ. ವಾಲ್ವ್ ಸೆಟ್ಟನ್ನು ಸ್ಪೀಕರ್ ಇಲ್ಲದೆ ಆನ್ ಮಾಡಬಾರದು, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.) ಎಲ್ಲ ಸರಿಯಿದ್ದರೆ ತಂತಿ ಹಾಕಿ, ಒಂದು ಅರ್ಧ ಗಂಟೆ ಮಾತಿನ ಕಾರ್ಯಕ್ರಮವನ್ನು ಸಣ್ಣ ದನಿಯಲ್ಲಿ ಕೇಳಿ. ಗಂಡಸಿನ ಮಾತಿನಲ್ಲಿ ವೂಫರಿನ ಉಜ್ಜುವ ಸದ್ದು ಸಂಗೀತಕ್ಕಿಂತ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ವೂಫರ್ ಕೋನ್ ಸುತ್ತ ಇದ್ದ ಸ್ಪಂಜಿನಂಥ ಅಂಚು ಮುಟ್ಟಿದರೆ ಪುಡಿಯಾಗಿ ಉದುರುತ್ತಿದೆ. ಕೋನ್ ಚೆನ್ನಾಗಿದೆ. ಅಂಗಡಿಯವರು ಹೊಸ ವೂಫರ್ ಹಾಕಿ ಅನ್ನುತ್ತಾರೆ. ಅಂಚು ಮಾತ್ರ ಬದಲಿಸಲು ಸಾಧ್ಯವೇ? ಮನೆಯಲ್ಲೇ ಮಾಡಬಹುದೇ?
— ಓದುಗರು, ಮಂಗಳೂರು

ಉತ್ತರ: ಸಾಧ್ಯ, ಮನೆಯಲ್ಲೇ ಮಾಡಬಹುದು. ದಯವಿಟ್ಟು ಹೊಸ ವೂಫರ್ ಹಾಕಿಸಬೇಡಿ. ಆ ಪೆಟ್ಟಿಗೆಯ ಅಳತೆ, ಅದರ ಕ್ರಾಸ್‌ಓವರ್ (ಸ್ವರಗಳನ್ನು ವೂಫರ್, ಟ್ವೀಟರುಗಳಿಗೆ ಹಂಚುವ ಸರ್ಕ್ಯೂಟ್) ಎರಡೂ ಆ ವೂಫರಿಗೆಂದೇ ಲೆಕ್ಕ ಹಾಕಿದವು. ಹೊಸದು ತೂತಿಗೆ ಹೊಂದಿದರೂ ದನಿಗೆ ಹೊಂದುವುದು ಅಪರೂಪ.

ನಿಮ್ಮದು ಪಾಲಿಯುರಿಥೇನ್ ಫೋಮ್. ಗಾಳಿಯ ತೇವ, ಬಿಸಿಲು, ಸೆಕೆ ಸೇರಿ ಅದರ ಕಟ್ಟು ಬಿಡಿಸುತ್ತವೆ. ಒಣ ಊರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಬಂದರೆ ಕರಾವಳಿಯಲ್ಲಿ ಅಷ್ಟೂ ಬರುವುದಿಲ್ಲ. ಬಳಸದೆ ಇಟ್ಟರೂ ಹಾಳಾಗುತ್ತದೆ. ರಬ್ಬರ್ ಅಂಚು, ಮೇಣದಂಥ ಲೇಪ ಕೊಟ್ಟ ಬಟ್ಟೆಯ ಅಂಚು ಹೀಗೆ ಉದುರುವುದಿಲ್ಲ. ಅಂಥವನ್ನು ಸುಮ್ಮನೆ ಕಿತ್ತು ಬದಲಿಸಬಾರದು.

ಹೊಸ ಫೋಮ್ ತರಿಸುವ ಮೊದಲು ನಾಲ್ಕು ಅಳತೆ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ: ಕೋನಿನ ಹೊರ ವ್ಯಾಸ, ಉಬ್ಬಿದ ಮಡಿಕೆಯ ಒಳ ವ್ಯಾಸ, ಅದೇ ಮಡಿಕೆಯ ಹೊರ ವ್ಯಾಸ, ಚೌಕಟ್ಟಿಗೆ ಅಂಟುವ ಅಂಚಿನ ಹೊರ ವ್ಯಾಸ. '8 ಇಂಚಿನದು' ಎಂದು ಕೇಳಿ ತರಿಸಿದವರಿಗೆ ಮಡಿಕೆಯ ಅಗಲ ತಪ್ಪಿದ್ದು ಸಿಗುತ್ತದೆ. ಆಗ ಕೋನ್ ತನ್ನ ಮಟ್ಟಕ್ಕಿಂತ ಮೇಲೆಯೋ ಕೆಳಗೋ ಕೂರುತ್ತದೆ, ಕಾಯಿಲ್ ಮ್ಯಾಗ್ನೆಟ್ ಸಂದಿನ ನಡುವೆ ಇರುವುದಿಲ್ಲ. ಒಳ ಅಂಚು ಚಪ್ಪಟೆಯೋ ಕೋನಿನ ಇಳಿಜಾರಿಗೆ ತಕ್ಕಂತೆ ಓರೆಯೋ ಎಂಬುದನ್ನೂ ಮಾರುವವರಿಗೆ ತಿಳಿಸಿ.

ಬೇಕಾದ ಸಾಮಾನು: ಒಂದು ಜತೆ ಫೋಮ್ (ಒಂದೇ ವೂಫರ್ ಹಾಳಾಗಿದ್ದರೂ ಎರಡಕ್ಕೂ ಹಾಕಿ, ಇಲ್ಲವಾದರೆ ಎಡ ಬಲ ದನಿ ಬೇರೆಯಾಗುತ್ತದೆ), ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ, ಹೊಸ ಬ್ಲೇಡು, ಬಿಳಿ ಫೆವಿಕಾಲಿನಂಥ ಅಂಟು, ಸಣ್ಣ ಬ್ರಷ್, ಬಟ್ಟೆ ಕ್ಲಿಪ್ಪು ಒಂದು ಡಜನ್, ಹಳೇ ಕ್ಯಾಮೆರಾದ ನೆಗೆಟಿವ್ ಫಿಲ್ಮಿನ ನಾಲ್ಕೈದು ಪಟ್ಟಿ. ನಿಮ್ಮ ಊರಿನ ಹವೆಗೆ ನೀರು ತಡೆಯುವ ಬಗೆಯ ಫೆವಿಕಾಲ್ ಒಳ್ಳೆಯದು. ಚಪ್ಪಲಿ ಅಂಟಿಸುವ ರಬ್ಬರ್ ಸಲ್ಯೂಷನ್ ಬೇಡ. ಅದು ತಾಗಿದ ಕೂಡಲೇ ಹಿಡಿಯುತ್ತದೆ, ಕೋನನ್ನು ನಡುವಿಗೆ ತರಲು ಸಮಯವೇ ಕೊಡುವುದಿಲ್ಲ. ಪ್ಲಾಸ್ಟಿಕ್ ಕೋನ್ ಇದ್ದರೆ ಮಾತ್ರ ಬಿಳಿ ಅಂಟು ಹಿಡಿಯದು, ಅದಕ್ಕೆಂದೇ ಮಾಡಿದ ಅಂಟು ತರಿಸಬೇಕು.

ಮೊದಲು ಹೊರಗಿನ ರಟ್ಟಿನ ಉಂಗುರ ಮುರಿಯದಂತೆ ಬಿಡಿಸಿ ಎತ್ತಿಡಿ, ಮತ್ತೆ ಬೇಕಾಗುತ್ತದೆ. ಹಳೇ ಫೋಮ್ ಕೈಯಲ್ಲೇ ಉದುರಿಸಿ. ಅದರ ಅಂಟು ಜಿಡ್ಡಿನಂತೆ ಉಳಿದಿರುತ್ತದೆ; ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒಂದೊಂದು ಇಂಚು ಒರೆಸುತ್ತ ಹೋಗಿ. ಹತ್ತಿ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಕಾಗದದ ಕೋನ್ ನೆನೆದರೆ ಪದರ ಪದರವಾಗಿ ಎದ್ದು ಬರುತ್ತದೆ. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ. ಅವು ಕಾಯಿಲಿನ ಅಂಟನ್ನೂ ಪ್ಲಾಸ್ಟಿಕ್ ಕೋನನ್ನೂ ಕರಗಿಸುತ್ತವೆ. ಉದುರಿದ ಪುಡಿ ಕಾಯಿಲ್ ಸಂದಿಗೆ ಬೀಳದ ಹಾಗೆ ವೂಫರನ್ನು ಓರೆಯಾಗಿ ಹಿಡಿದು ಕೆಲಸ ಮಾಡಿ.

ನಡುವಿನ ಗುಮ್ಮಟವನ್ನು (ಡಸ್ಟ್ ಕ್ಯಾಪ್) ಅಂಟಿನ ಗೆರೆಯ ಮೇಲೆ ಬ್ಲೇಡಿನಿಂದ ಸುತ್ತ ಕತ್ತರಿಸಿ ಎತ್ತಿ. ಒಳಗೆ ಕಬ್ಬಿಣದ ಕಂಬ, ಅದರ ಸುತ್ತ ಕಾಯಿಲ್ ಸುತ್ತಿದ ಕೊಳವೆ ಕಾಣುತ್ತದೆ. ನಡುವಿನ ಸಂದು ಉಗುರಿನಷ್ಟೂ ಇಲ್ಲ. ಫಿಲ್ಮ್ ಪಟ್ಟಿಗಳನ್ನು ಒಂದಕ್ಕೊಂದು ಎದುರಾಗಿ ನಾಲ್ಕು ಕಡೆ ಆ ಸಂದಿಗೆ ಇಳಿಸಿ. ಸಡಿಲವಾದರೆ ಒಂದೊಂದು ಕಡೆ ಎರಡು ಪಟ್ಟಿ. ಈಗ ಕೋನ್ ತಾನಾಗಿ ನಡುವೆ ನಿಂತಿದೆ. ಫೋಮನ್ನು ಮೊದಲು ಕೋನಿಗೆ ಅಂಟಿಸಿ. ಹಳೆಯದು ಕೋನಿನ ಮೇಲಿತ್ತೋ ಕೆಳಗಿತ್ತೋ ಹಾಗೆಯೇ. ಬೆರಳಿನಿಂದ ಸುತ್ತಲೂ ಒತ್ತುತ್ತ ಹತ್ತು ನಿಮಿಷ ಕೂತುಕೊಳ್ಳಿ, ಆಮೇಲೆ ಎರಡು ಗಂಟೆ ಬಿಡಿ. ನಂತರ ಚೌಕಟ್ಟಿನ ಕಡೆ ಅಂಟು ಹಚ್ಚಿ, ಕ್ಲಿಪ್ಪುಗಳನ್ನು ಎದುರು ಬದುರಾಗಿ ಹಾಕುತ್ತ ಬನ್ನಿ. ಒಂದು ಪೂರ್ತಿ ದಿನ ಮುಟ್ಟಬೇಡಿ, ಮಳೆಗಾಲವಾದರೆ ಎರಡು ದಿನ.

ಪಟ್ಟಿ ತೆಗೆದು ಕೋನನ್ನು ಮೂರು ಬೆರಳಿನಿಂದ ಸಮವಾಗಿ ಒತ್ತಿ ಬಿಡಿ. ಸದ್ದಿಲ್ಲದೆ ಒಳಹೋಗಿ ವಾಪಸು ಬರಬೇಕು. ಮರಳು ಉಜ್ಜಿದಂತೆ ಕೇಳಿದರೆ ಕಾಯಿಲ್ ಕಂಬಕ್ಕೆ ತಾಗುತ್ತಿದೆ. ಅಂಟು ಪೂರ್ತಿ ಬಲಿಯುವ ಮೊದಲೇ ಚೌಕಟ್ಟಿನ ಆ ಭಾಗ ಬಿಡಿಸಿ ಮತ್ತೆ ಅಂಟಿಸಿ. ಗುಮ್ಮಟವನ್ನು ಕೊನೆಗೆ ಅಂಟಿಸಿ. ಗುಮ್ಮಟ ಕತ್ತರಿಸಲು ಮನಸ್ಸಿಲ್ಲದವರು ಫೋನಿನಿಂದ 25 ಹರ್ಟ್ಸ್ ಸ್ವರವನ್ನು ಆಂಪ್ಲಿಫೈಯರ್ ಮೂಲಕ ಬಹಳ ಮೆಲ್ಲಗೆ ನುಡಿಸುತ್ತ, ಉಜ್ಜುವ ಸದ್ದು ನಿಲ್ಲುವ ಜಾಗಕ್ಕೆ ಕೋನನ್ನು ಸರಿಸಿ ಅಂಟಿಸುತ್ತಾರೆ. ಅದೂ ನಡೆಯುತ್ತದೆ. ಮೊದಲ ಸಲ ಮಾಡುವವರಿಗೆ ಪಟ್ಟಿಯೇ ಭದ್ರ.

ಬಾಳಿಕೆ ಬರಲಿ ಎಂದು ಫೋಮ್ ಬದಲು ರಬ್ಬರ್ ಅಂಚು ಹಾಕಿಸುವವರಿದ್ದಾರೆ. ರಬ್ಬರ್ ಭಾರ, ಕೋನಿನ ಚಲನೆ ಬದಲಾಗುತ್ತದೆ. ಫೋಮ್ ಇದ್ದಲ್ಲಿ ಫೋಮನ್ನೇ ಹಾಕಿ.

ಪ್ರಶ್ನೆ: ಹಳೇ ಫಿಲಿಪ್ಸ್ ವಾಲ್ವ್ ರೇಡಿಯೋದಿಂದ ತೆಗೆದ ಸ್ಪೀಕರ್ ಮೀಟರಿನಲ್ಲಿ ನೂರಾರು ಓಮ್ ತೋರಿಸುತ್ತಿದೆ. ಹಾಳಾಗಿದೆಯೇ?
— ಓದುಗರು, ಧಾರವಾಡ

ಉತ್ತರ: ಹಾಳಾಗಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಸೆಟ್ಟುಗಳಿಗೆಂದು ಫಿಲಿಪ್ಸ್ 800 ಓಮಿನ ಸ್ಪೀಕರ್ ಮಾಡುತ್ತಿತ್ತು. ಸಂಖ್ಯೆಯ ಕೊನೆಗೆ 'ಎಎಂ' ಇರುವುದು ಅದರ ಗುರುತು. 9710ಎಂ 7 ಓಮಿನದು, 9710ಎಎಂ 800 ಓಮಿನದು. ಈಗಿನ ಆಂಪ್ಲಿಫೈಯರಿಗೆ ಹಾಕಿದರೆ ಯಾವುದೂ ಸುಡುವುದಿಲ್ಲ, ಆದರೆ ದನಿ ಪಿಸುಗುಟ್ಟಿದಂತೆ ಬರುತ್ತದೆ. ಅದನ್ನು ಅದರ ರೇಡಿಯೋಗೇ ವಾಪಸು ಹಾಕಿ. ಆ ಸೆಟ್ಟಿಗೆ 8 ಓಮಿನ ಸ್ಪೀಕರನ್ನು ಮಾತ್ರ ಯಾವತ್ತೂ ಹಾಕಬಾರದು.

ಪ್ರಶ್ನೆ: ಸ್ಪೀಕರ್ ದನಿ ಕಂಬಳಿ ಹೊದ್ದಂತೆ ಬರುತ್ತಿದೆ. ತಾಳ, ಗೆಜ್ಜೆ ಕೇಳೋದೇ ಇಲ್ಲ. ಟ್ವೀಟರ್ ಬದಲಿಸಬೇಕೇ?
— ಓದುಗರು, ಬೆಂಗಳೂರು

ಉತ್ತರ: ಟ್ವೀಟರನ್ನು ಕೊನೆಗೆ ಅನುಮಾನಿಸಿ. ಮುಂಭಾಗದಲ್ಲೋ ಹಿಂಭಾಗದಲ್ಲೋ 'ಹೈ', 'ಮಿಡ್' ಎಂಬ ತಿರುಗಣೆ ಇದ್ದರೆ ಮೊದಲು ಅದನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ದನಿ ಕರಕರ ಎಂದು ಬಂದು ಹೋಗಿ ಮಾಡಿದರೆ ಒಳಗೆ ಕಿಲುಬು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಆಮೇಲೆ ಟ್ವೀಟರ್ ಅಳೆಯಿರಿ. 5ರಿಂದ 7 ಓಮ್ ಬಂದರೆ ಅದು ಜೀವಂತ, ತಪ್ಪು ಹೆಚ್ಚಾಗಿ ಕೆಪ್ಯಾಸಿಟರಿನದು. ಎಪ್ಪತ್ತು ಎಂಬತ್ತರ ದಶಕದ ಕ್ರಾಸ್‌ಓವರ್‌ಗಳಲ್ಲಿ 'ಎನ್‌ಪಿ' ಅಥವಾ 'ಬಿಪಿ' ಎಂದು ಬರೆದ, ಧ್ರುವವಿಲ್ಲದ ಎಲೆಕ್ಟ್ರೋಲಿಟಿಕ್ ಇರುತ್ತದೆ. ವರ್ಷ ಕಳೆದಂತೆ ಒಳಗೆ ಒಣಗಿ ರೋಧ ಹೆಚ್ಚುತ್ತದೆ, ಅಳತೆಯೂ (ಮೈಕ್ರೋಫ್ಯಾರಡ್) ಬದಲಾಗುತ್ತದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿನಲ್ಲಿ ಅದೇ ಮೈಕ್ರೋಫ್ಯಾರಡ್‌ನ, 100 ವೋಲ್ಟಿನ ಹೊಸ ಎನ್‌ಪಿ ಅಥವಾ ಪಾಲಿಪ್ರೊಪಿಲೀನ್ ಕೇಳಿ. ಪಾಲಿಪ್ರೊಪಿಲೀನ್ ಗಾತ್ರದಲ್ಲಿ ದೊಡ್ಡದು, ಹಲಗೆಯ ಮೇಲೆ ಜಾಗ ಇದೆಯೇ ನೋಡಿಕೊಳ್ಳಿ. ಅದನ್ನು ಹಾಕಿದ ಮೇಲೆ ದನಿ ಚುಚ್ಚುವಂತಾದರೆ ಕೆಪ್ಯಾಸಿಟರಿಗೆ ಸರಣಿಯಲ್ಲಿ ಅರ್ಧದಿಂದ ಒಂದು ಓಮಿನ, 5 ವಾಟ್ ರೆಸಿಸ್ಟರ್ ಸೇರಿಸಿ. ಹಳೆಯದರಲ್ಲಿ ತಾನಾಗಿದ್ದ ರೋಧವನ್ನು ತಯಾರಕರು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಎನ್‌ಪಿ ಸಿಗದಿದ್ದರೆ ಎರಡು ಸಾಮಾನ್ಯ 10 ಮೈಕ್ರೋಫ್ಯಾರಡ್‌ಗಳ ಮೈನಸ್ಸನ್ನು ಒಂದಕ್ಕೊಂದು ಬೆಸೆದರೆ 5 ಮೈಕ್ರೋಫ್ಯಾರಡ್‌ನ ಎನ್‌ಪಿ ಆಯಿತು, 4.7ರ ಜಾಗಕ್ಕೆ ನಡೆಯುತ್ತದೆ.

'ಸ್ವಲ್ಪ ಹೆಚ್ಚು ಇರಲಿ' ಎಂದು ದೊಡ್ಡ ಅಳತೆಯದನ್ನು ಹಾಕಬೇಡಿ. 1,59,000ವನ್ನು ಓಮಿನಿಂದಲೂ ಮೈಕ್ರೋಫ್ಯಾರಡ್‌ನಿಂದಲೂ ಭಾಗಿಸಿದರೆ ಟ್ವೀಟರ್ ಎಲ್ಲಿಂದ ನುಡಿಯಲು ಶುರುಮಾಡುತ್ತದೆ ಎನ್ನುವುದು ಹರ್ಟ್ಸ್‌ನಲ್ಲಿ ಸಿಗುತ್ತದೆ. 8 ಓಮಿಗೆ 3.3 ಹಾಕಿದರೆ ಸುಮಾರು 6,000, 6.8 ಹಾಕಿದರೆ ಸುಮಾರು 2,900. ಅಷ್ಟು ಕೆಳಗಿನ ಸ್ವರವನ್ನು ಚಿಕ್ಕ ಟ್ವೀಟರ್ ತಡೆಯುವುದಿಲ್ಲ, ಒಂದು ಹಬ್ಬದ ದಿನ ಜೋರಾಗಿ ಹಾಕಿದಾಗ ಸುಟ್ಟುಹೋಗುತ್ತದೆ. ಟ್ವೀಟರನ್ನು ಪರೀಕ್ಷಿಸಲೆಂದು ಕೆಪ್ಯಾಸಿಟರ್ ಇಲ್ಲದೆ ನೇರ ಆಂಪ್ಲಿಫೈಯರಿಗೆ ಹಿಡಿಯುವುದೂ ಅಷ್ಟೇ ಅಪಾಯ.

ಎಂಬತ್ತರ ದಶಕದ ಕೆಲವು ಟ್ವೀಟರುಗಳ ಸಂದಿನಲ್ಲಿ ಫೆರೋಫ್ಲೂಯಿಡ್ ಎಂಬ ಎಣ್ಣೆ ಇರುತ್ತದೆ. ಅದು ಒಣಗಿ ಗೋಂದಾದರೆ ಮೀಟರ್ ಸರಿ ತೋರಿಸಿದರೂ ದನಿ ಸಣ್ಣದಾಗುತ್ತದೆ. ಡೋಮ್ ಎತ್ತಿ, ಆಲ್ಕೋಹಾಲಿನಲ್ಲಿ ಅದ್ದಿದ ಕಾಗದದ ಪಟ್ಟಿಯಿಂದ ಸಂದು ಒರೆಸಿ ಹೊಸ ದ್ರವ ತುಂಬಬೇಕು. ಬೆಸುಗೆ ಕೆಲಸ ಅಭ್ಯಾಸವಿಲ್ಲದವರು ಇದನ್ನು ರಿಪೇರಿಯವರಿಗೇ ಕೊಡಿ.

ಪ್ರಶ್ನೆ: ಇಲ್ಲಿ ಹಳೇ ಸಾಮಾನು ಮಾರಾಟದಲ್ಲಿ ಒಂದು ಜತೆ ಎಆರ್-3ಎ ಸ್ಪೀಕರ್ ಸಿಕ್ಕಿದೆ. ಊರಿಗೆ ಮರಳುವಾಗ ಮೈಸೂರಿಗೆ ತರುವ ಆಸೆ. 230 ವೋಲ್ಟಿನಲ್ಲಿ ನಡೆಯುತ್ತದೆಯೇ? ಏನೇನು ನೋಡಬೇಕು?
— ಓದುಗರು, ನ್ಯೂಜೆರ್ಸಿ

ಉತ್ತರ: ಒಳ್ಳೆಯ ಜತೆ, ತನ್ನಿ. ವೋಲ್ಟಿನ ಚಿಂತೆ ಬೇಡ, ಇಂಥ ಸ್ಪೀಕರಿಗೆ ಕರೆಂಟಿನ ಸಂಪರ್ಕವೇ ಇಲ್ಲ. ಗೋಡೆಗೆ ಪ್ಲಗ್ ಬೇಕಾಗುವ ಸ್ಪೀಕರುಗಳು ಬೇರೆ: ಕ್ವಾಡ್‌ನ ಎಲೆಕ್ಟ್ರೋಸ್ಟ್ಯಾಟಿಕ್ ಅಂಥದ್ದು. ಬೋಸ್ 901 ಕೂಡ ತನ್ನ ಈಕ್ವಲೈಜರ್ ಡಬ್ಬಿ ಇಲ್ಲದೆ ಸರಿಯಾಗಿ ನುಡಿಯದು, ಆ ಡಬ್ಬಿ ಅಮೆರಿಕದ್ದಾದರೆ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು.

ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯ ಎಡ್ಗರ್ ವಿಲ್ಚರ್ 1954ರಲ್ಲಿ ತಂದ ಎಆರ್-1ರಿಂದ ಶುರುವಾದ ಪದ್ಧತಿ ಇದು: ಪೆಟ್ಟಿಗೆಗೆ ತೂತಿಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿಯೇ ವೂಫರಿಗೆ ಸ್ಪ್ರಿಂಗ್. ಆದ್ದರಿಂದ ಗಾಳಿ ಸೋರುವಿಕೆಯೇ ದೊಡ್ಡ ರೋಗ. ವೂಫರನ್ನು ಮೆಲ್ಲಗೆ ಒತ್ತಿ ಹಿಡಿದು ಬಿಡಿ. ನಿಧಾನವಾಗಿ ಮೇಲೆ ಬಂದರೆ ಪೆಟ್ಟಿಗೆ ಭದ್ರ, ಠಪ್ಪನೆ ಬಂದರೆ ಎಲ್ಲೋ ಸೋರುತ್ತಿದೆ. ವೂಫರ್ ಗ್ಯಾಸ್ಕೆಟ್, ತಿರುಗಣೆಗಳ ಬುಡ, ಹಿಂದಿನ ಟರ್ಮಿನಲ್ ಹಲಗೆ, ಈ ಮೂರು ಜಾಗ ನೋಡಿ. 1967ರ ಮೊದಮೊದಲಿನವಕ್ಕೆ ಬಟ್ಟೆಯ ಅಂಚು, ಆಮೇಲಿನವಕ್ಕೆ ಫೋಮ್. ಮಿಡ್ ಮತ್ತು ಟ್ವೀಟರ್ ತಿರುಗಣೆಗಳು ಹಸಿರು ಕಿಲುಬು ಹಿಡಿಯುವುದಕ್ಕೆ ಹೆಸರಾದವು. ಹಿಂದೆ ಹೇಳಿದ ಕ್ಲೀನರ್‌ಗೆ ಬಗ್ಗದಿದ್ದರೆ ಬಿಚ್ಚಿ ನುಣುಪು ಉಜ್ಜುಕಾಗದದಿಂದ ತಿಕ್ಕಬೇಕು. ಒಳಗೆ ತುಂಬಿರುವುದು ಗಾಜಿನ ನಾರಾಗಿರಬಹುದು, ಕೈಗವಸು ಮಾಸ್ಕು ಹಾಕಿಕೊಳ್ಳಿ. ತೆಗೆದಷ್ಟನ್ನೇ ವಾಪಸು ತುಂಬಿ, ಹೆಚ್ಚಿಸಬೇಡಿ, ಕಡಿಮೆ ಮಾಡಬೇಡಿ.

ಇದು 4 ಓಮಿನ ಸ್ಪೀಕರ್. 4 ಓಮಿಗೆ ಆಗುತ್ತದೆ ಎಂದು ಬರೆದಿರುವ ಗಟ್ಟಿ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರಿನ ಸ್ಪೀಕರ್ 'ಎ' ಮತ್ತು 'ಬಿ' ಗುಂಡಿ ಎರಡೂ ಒತ್ತಿ ಇನ್ನೊಂದು ಜತೆ ಸೇರಿಸಬೇಡಿ. ಸಾಗಣೆಯಲ್ಲಿ ಮುಖ ಮೇಲಾಗಿ ಮಲಗಿಸಿ, ಕೋನ್‌ಗಳ ಮುಂದೆ ಪ್ಲೈವುಡ್ ಹಲಗೆ ಕಟ್ಟಿಸಿ.

ಪ್ರಶ್ನೆ: ಬಿಬಿಸಿ ವಿನ್ಯಾಸದ ಎಲ್‌ಎಸ್3/5ಎ ಕೊಂಡಿದ್ದೇನೆ. 15 ಓಮ್ ಅಂತ ಬರೆದಿದೆ. 8 ಓಮಿನ ಆಂಪ್ಲಿಫೈಯರಿಗೆ ಹಾಕಬಹುದೇ? ದನಿ ಸಣ್ಣ ಅನಿಸುತ್ತದೆ.
— ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಹಾಕಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಹೆಚ್ಚು ಓಮ್ ಎಂದರೆ ಹೊರೆ ಕಡಿಮೆ, ಅಷ್ಟೇ ಪ್ರಮಾಣದಲ್ಲಿ ವಾಟ್ ಕೂಡ ಕಡಿಮೆ ಬರುತ್ತದೆ. ದನಿ ಸಣ್ಣದೆನಿಸುವುದು ದೋಷವಲ್ಲ. ಈ ಸ್ಪೀಕರಿನ ಸಂವೇದನೆ (ಒಂದು ವಾಟಿಗೆ ಎಷ್ಟು ದನಿ ಎಂಬ ಲೆಕ್ಕ) ಸುಮಾರು 83 ಡೆಸಿಬೆಲ್. 89 ಡೆಸಿಬೆಲ್‌ನ ಸ್ಪೀಕರಿಗೆ 5 ವಾಟ್ ಸಾಕಾಗುವಲ್ಲಿ ಇದಕ್ಕೆ 20 ವಾಟ್ ಬೇಕು. ಹಾಗೆಂದು ಮದುವೆ ಮನೆಯ ಜೋರಿಗೆ ತಿರುಗಿಸಿದರೆ ಒಳಗಿನ ಕೆಫ್ ಕಂಪನಿಯ ಬಿ110 ವೂಫರ್ ತಡೆಯುವುದಿಲ್ಲ. ಇದು ಏಳೆಂಟು ಅಡಿ ದೂರದಲ್ಲಿ ಕೂತು ಹಾಡುವವರ ಉಸಿರು ಕೇಳುವಂಥ ಸ್ಪೀಕರ್, ಆ ಕೆಲಸದಲ್ಲಿ ಇದಕ್ಕೆ ಸಾಟಿ ಕಡಿಮೆ. ಟ್ವೀಟರಿನ ಸುತ್ತಲಿನ ದಪ್ಪ ಫೆಲ್ಟ್ ಪಟ್ಟಿ ಕೊಳಕಾಗಿದೆ ಎಂದು ಕೀಳಬೇಡಿ, ಗ್ರಿಲ್ ತೆಗೆದೂ ಕೇಳಬೇಡಿ. ಎರಡೂ ವಿನ್ಯಾಸದ ಭಾಗ. ಒಂದು 15 ಓಮಿನದು, ಇನ್ನೊಂದು ಎಂಬತ್ತರ ದಶಕದ ಕೊನೆಯ 11 ಓಮಿನದು ಎಂದು ಜೋಡಿ ಮಾಡಿ ಕೊಟ್ಟಿದ್ದರೆ ಮಾತ್ರ ವಾಪಸು ಕೊಡಿ.

ಪ್ರಶ್ನೆ: ಹೊಸ ಮನೆಯ ಹಾಲ್ 12 ಅಡಿ 14 ಅಡಿ. ವಿಟ್ರಿಫೈಡ್ ಟೈಲ್ಸ್. ಹಳೇ ಮನೆಯಲ್ಲಿ ಚೆನ್ನಾಗಿದ್ದ ಸ್ಪೀಕರ್ ಇಲ್ಲಿ ಕಿವಿಗೆ ಬಡಿಯುತ್ತದೆ, ತಬಲಾದ ಎಡ ಗುಂಯ್ ಅನ್ನುತ್ತದೆ.
— ಓದುಗರು, ದಾವಣಗೆರೆ

ಉತ್ತರ: ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. 'ಝ್ರಿಂಗ್' ಎಂದು ಬಾಲ ಎಳೆದರೆ ಕಿವಿಗೆ ಬಡಿಯುವುದಕ್ಕೆ ಕಾರಣ ಟೈಲ್ಸು, ಗಾಜು ಮತ್ತು ಖಾಲಿ ಗೋಡೆ. ಸ್ಪೀಕರಿಗೂ ನೀವು ಕೂರುವ ಜಾಗಕ್ಕೂ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ನೆರಿಗೆ ತುಂಬಿದ ಪರದೆ ಕಟ್ಟಿ, ಬೆನ್ನ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಸರಿಸಿ. ಇಷ್ಟು ಮಾಡಿ ಮತ್ತೆ ಚಪ್ಪಾಳೆ ಹೊಡೆಯಿರಿ.

ಗುಂಯ್ ಎನ್ನುವುದು ಮೂಲೆಯ ಕೊಡುಗೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡು ಅಡಿ ಮುಂದಕ್ಕೆ ತನ್ನಿ. ಎರಡು ಸ್ಪೀಕರಿನ ನಡುವೆ ಆರೇಳು ಅಡಿ, ನೀವು ಅಷ್ಟೇ ದೂರದಲ್ಲಿ. ಟ್ವೀಟರ್ ಕೂತವರ ಕಿವಿಯ ಮಟ್ಟದಲ್ಲಿ ಇರಬೇಕು, ಕುರ್ಚಿಯಾದರೆ ನೆಲದಿಂದ ಸುಮಾರು ಮೂರು ಅಡಿ. ಸ್ಟ್ಯಾಂಡಿಗೆ ದುಡ್ಡು ಸುರಿಯಬೇಕಾಗಿಲ್ಲ: ಮನೆ ಕಟ್ಟುವಾಗ ಉಳಿದ 16 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕು ನಿಲ್ಲಿಸಿ, ಮೇಲೆ ನಾಲ್ಕು ರಬ್ಬರ್ ತುಂಡಿಟ್ಟರೆ ಅದಕ್ಕಿಂತ ಗಟ್ಟಿ ಸ್ಟ್ಯಾಂಡ್ ಸಿಗದು. ನೆಲದ ಮೇಲೆ ಚಾಪೆ ಹಾಸಿ ಕೂತು ಕೇಳುವವರಾದರೆ ಬ್ಲಾಕು ಅಡ್ಡ ಮಲಗಿಸಿ. ರೆಕಾರ್ಡ್ ಪ್ಲೇಯರ್ ಇರುವ ಮೇಜಿನ ಮೇಲೆಯೇ ಸ್ಪೀಕರ್ ಇದ್ದರೂ ಅದೇ ಗುಂಯ್ ಬರುತ್ತದೆ. ಕಂಪನ ಮುಳ್ಳಿಗೆ ಹೋಗಿ ಸುತ್ತಿ ಬರುತ್ತಿರುತ್ತದೆ.

ತಂತಿ ಐದು ಮೀಟರಿಗೆ 1.5 ಚದರ ಮಿ.ಮೀ. ಸಾಕು. ಹೋಗಿಬರುವ ದಾರಿ ಸೇರಿ ಅದರ ರೋಧ 0.12 ಓಮ್ ಮಾತ್ರ.

ಪ್ರಶ್ನೆ: ಎರಡು ಮಳೆಗಾಲ ಮುಚ್ಚಿಟ್ಟ ಸ್ಪೀಕರಿನ ಬಟ್ಟೆ, ಪೆಟ್ಟಿಗೆ ಎಲ್ಲ ಬೂಷ್ಟು ಹಿಡಿದಿದೆ. ಕೋನಿನಲ್ಲಿ ಇಲಿ ಕಡಿದ ಸಣ್ಣ ತೂತೂ ಇದೆ.
— ಓದುಗರು, ಹೊಸನಗರ

ಉತ್ತರ: ಪೆಟ್ಟಿಗೆಯನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ ನೆರಳಲ್ಲಿ, ಗಾಳಿಯಾಡುವ ಕಡೆ ಒಣಗಿಸಿ. ಬಿಸಿಲಿಗಿಟ್ಟರೆ ಮೇಲಿನ ತೆಳು ಮರದ ಹಾಳೆ ಸೀಳುತ್ತದೆ. ಹಾಳೆ ಎದ್ದಿರುವಲ್ಲಿ ಸಿರಿಂಜಿನಿಂದ ಫೆವಿಕಾಲ್ ಬಿಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಭಾರ ಇಡಿ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮಾತ್ರ ಮತ್ತೆ ಇಳಿಯದು. ಕೋನಿಗೆ ಒಣ ಬ್ರಷ್ ಸಾಕು. ತೂತಿಗೆ ಟಿಶ್ಯೂ ಕಾಗದದ ಒಂದು ಪದರ, ಅರ್ಧ ನೀರು ಬೆರೆಸಿದ ಫೆವಿಕಾಲ್. ಹಿಂದೊಂದು ಮುಂದೊಂದು ತುಣುಕು ಅಂಟಿಸಿದರೆ ದನಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಸೆಲ್ಲೋಟೇಪ್ ಬೇಡ, ಬೇಗ ಬಿಟ್ಟುಕೊಂಡು ಪಟಪಟ ಎನ್ನುತ್ತದೆ.

ಹೊಸ ಗ್ರಿಲ್ ಬಟ್ಟೆ ಕೊಳ್ಳುವಾಗ ಅಂಗಡಿಯಲ್ಲೇ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ, ಆಚೆ ಅಂಗೈಗೆ ಉಸಿರು ಸಲೀಸಾಗಿ ತಾಗಬೇಕು. ಪರದೆ ಬಟ್ಟೆ ಹಾಕಿಸಿದವರಿಗೆ ಟ್ವೀಟರ್ ಕಿವುಡಾದಂತೆ ಕೇಳುವುದು ಈ ಪರೀಕ್ಷೆ ಮಾಡದ್ದರಿಂದ.

ಪ್ರಶ್ನೆ: ಎರಡೂ ಸ್ಪೀಕರ್ ಬೇರೆ ಬೇರೆಯಾಗಿ ಚೆನ್ನಾಗಿವೆ, ಒಟ್ಟಿಗೆ ಹಾಕಿದರೆ ಬೇಸ್ ಮಾಯ. ಜರ್ಮನಿಯ ಗ್ರುಂಡಿಗ್ ಕಂಪನಿಯ ಜತೆ ಇದು, ಪ್ಲಗ್ ಕತ್ತರಿಸಿ ತಂತಿ ಹಾಕಿಸಿದ್ದೇನೆ.
— ಓದುಗರು, ಹುಬ್ಬಳ್ಳಿ

ಉತ್ತರ: ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಬೇಸ್ ಒಂದನ್ನೊಂದು ಅಳಿಸುತ್ತಿದೆ. ಆಂಪ್ಲಿಫೈಯರ್ ಕಡೆಯ ತಂತಿ ಬಿಡಿಸಿ, 1.5 ವೋಲ್ಟಿನ ಪೆನ್‌ಟಾರ್ಚ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ವೂಫರ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತಂತಿಯೇ ಪ್ಲಸ್. ಅದಕ್ಕೆ ಕೆಂಪು ಟೇಪು ಸುತ್ತಿ. ಹಳೇ ಜೆಬಿಎಲ್ ಇಟ್ಟುಕೊಂಡವರು ಗಮನಿಸಿ: ಅವುಗಳಲ್ಲಿ ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟರೆ ವೂಫರ್ ಒಳಕ್ಕೆ ಹೋಗುತ್ತದೆ, ಕಂಪನಿಯೇ ಹಾಗೆ ಮಾಡಿದ್ದು. ಎರಡೂ ಜೆಬಿಎಲ್ ಆದರೆ ಏನೂ ಬದಲಿಸಬೇಕಿಲ್ಲ, ಬೇರೆ ಕಂಪನಿಯದರ ಜತೆ ಸೇರಿಸುವಾಗ ಮಾತ್ರ ತಂತಿ ತಿರುಗಿಸಿ.

ಜರ್ಮನಿಯ ಆ ಎರಡು ಕಡ್ಡಿಯ ಡಿನ್ ಪ್ಲಗ್‌ನಲ್ಲಿ ಗುಂಡು ಕಡ್ಡಿ ಪ್ಲಸ್, ಚಪ್ಪಟೆ ಕಡ್ಡಿ ಮೈನಸ್. ಕತ್ತರಿಸಿದ ಪ್ಲಗ್ ಇನ್ನೂ ಇದ್ದರೆ ಬಿಸಾಡಬೇಡಿ, ಅದರೊಳಗಿನ ತಂತಿಯ ಬಣ್ಣ ನೋಡಿದರೆ ಇನ್ನೊಂದು ತುದಿ ಯಾವುದೆಂದು ತಿಳಿಯುತ್ತದೆ.